ತೊಡೆಯ ಬಲ ಇರುವಾಗಲೇ

ಚಿ. ಸೌ. ವಸುಧಾಳಿಗೆ,

ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ನೀನು ಕಳಿಸಿದ ರಕ್ತಪರೀಕ್ಷೆಯ ವರದಿ ನೋಡಿದೆ. ಎಚ್‌ಬಿಎ1ಸಿ (ರಕ್ತದಲ್ಲಿನ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ) 6.1 ಅಂದರೆ ಸಕ್ಕರೆ ಕಾಯಿಲೆ ಇನ್ನೂ ಅಲ್ಲ, 5.7ರಿಂದ 6.4ರವರೆಗೆ ಗಡಿಯ ಲೆಕ್ಕ. ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ, ಕಾಫಿಗೆ ಸಕ್ಕರೆ ಬಿಟ್ಟಿದ್ದೇನೆ, ಹತ್ತು ವರ್ಷದಿಂದ ತೂಕ 58 ಕಿಲೋ ಬಿಟ್ಟು ಕದಲಿಲ್ಲ, ಆದರೂ ಹೀಗೇಕೆ ಎಂದು ಕೇಳಿದ್ದೀಯ. ಆ ಕದಲದ ತೂಕವನ್ನೇ ಸ್ವಲ್ಪ ಅನುಮಾನದಿಂದ ನೋಡು ಮಗಳೇ. ಮೂವತ್ತು ದಾಟಿದ ಮೇಲೆ ಸುಮ್ಮನೆ ಬಿಟ್ಟರೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಹೋದ ಮಾಂಸದ ಲೆಕ್ಕಕ್ಕೆ ಕೊಬ್ಬು ಬಂದು ಕೂತರೆ ತಕ್ಕಡಿಗೆ ಏನೂ ತಿಳಿಯುವುದಿಲ್ಲ. ಟೇಪಿಗೆ ತಿಳಿಯುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಳತೆ ತೆಗೆದುಕೋ. ನಮ್ಮ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮಿತಿ. ಹಾಗೆಯೇ ಮೀನಖಂಡ ದಪ್ಪಗಿರುವ ಕಡೆಯೂ ಅಳೆ. ಹೆಂಗಸರಲ್ಲಿ 33, ಗಂಡಸರಲ್ಲಿ 34 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಸವೆದಿರಬಹುದು ಎಂದು ಏಷ್ಯಾದ ತಜ್ಞರು ಇಟ್ಟುಕೊಂಡಿರುವ ಗುರುತು.

ಸಕ್ಕರೆಗೂ ಮಾಂಸಖಂಡಕ್ಕೂ ಏನು ಸಂಬಂಧ ಅನ್ನುತ್ತೀಯ. ಊಟವಾದ ಮೇಲೆ ರಕ್ತಕ್ಕೆ ಇಳಿಯುವ ಗ್ಲೂಕೋಸಿಗೆ ದೊಡ್ಡ ಕಣಜ ಇರುವುದು ಅಲ್ಲೇ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಹಿಡಿಸಿದರೆ, ಮೈಯ ಮಾಂಸಖಂಡಗಳಲ್ಲೆಲ್ಲ ಸೇರಿ ಸುಮಾರು 400 ಗ್ರಾಂ ಗ್ಲೈಕೋಜೆನ್, ಅಂದರೆ ಕೂಡಿಟ್ಟ ಗ್ಲೂಕೋಸ್, ಹಿಡಿಸುತ್ತದೆ. ಅದರಲ್ಲೂ ತೊಡೆ, ಪೃಷ್ಠದ ಸ್ನಾಯುಗಳೇ ಎಲ್ಲಕ್ಕಿಂತ ದೊಡ್ಡವು. ಅವು ಸಣ್ಣದಾದರೆ, ಅಥವಾ ದಿನವೆಲ್ಲ ಕೂತು ಕೂತು ಬರಿದಾಗದೆ ತುಂಬಿಯೇ ಇದ್ದರೆ, ತಿಂದ ಅನ್ನದ ಸಕ್ಕರೆಗೆ ಹೋಗಲು ಜಾಗವಿಲ್ಲದೆ ರಕ್ತದಲ್ಲೇ ಸುತ್ತುತ್ತದೆ. ಜೊತೆಗೆ ಸ್ನಾಯುವಿನ ಒಳಗೇ ಕೊಬ್ಬು ಸೇರಿದಾಗ ಅದು ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆಯಾಗುತ್ತದೆ. ಒಂದು ಒಳ್ಳೆಯ ವಿಷಯವೂ ಇದೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಹೇಳುವುದು, ಬೆಳಗಿನ ನಡಿಗೆಯಲ್ಲಿ ಒಂದು ಪಾಲನ್ನು ತೆಗೆದು ಮಧ್ಯಾಹ್ನ, ರಾತ್ರಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯುವುದಕ್ಕೆ ಇಡು. ಅದೇ ನಡಿಗೆಗೆ ಹೆಚ್ಚು ಫಲ.

ಆದರೆ ನಡಿಗೆ ಒಂದೇ ಸಾಲದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮವರಲ್ಲಿ ಮುಕ್ಕಾಲು ಜನ ವಾಕಿಂಗ್ ಮಾಡಿದರೆ ಎಲ್ಲವೂ ಆಯಿತು ಅಂದುಕೊಂಡಿದ್ದಾರೆ. ನಡಿಗೆ ಹೃದಯಕ್ಕೆ, ರಕ್ತದೊತ್ತಡಕ್ಕೆ, ಮನಸ್ಸಿಗೆ ಬಹಳ ಒಳ್ಳೆಯದು. ಮಾಂಸಖಂಡದಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನದವು ನಡಿಗೆಗೆ, ನಿಲ್ಲುವುದಕ್ಕೆ ಸಾಕಾಗುತ್ತವೆ. ಚುರುಕಿನವು ಭಾರ ಎತ್ತುವಾಗ, ಥಟ್ಟನೆ ಮೇಲೇಳುವಾಗ, ಹೊಸಿಲು ಎಡವಿದಾಗ ಕಾಲನ್ನು ಕ್ಷಣದಲ್ಲಿ ಮುಂದಿಟ್ಟು ಮೈ ತಡೆಯುವಾಗ ಬೇಕು. ವಯಸ್ಸಾಗುತ್ತ ಮೊದಲು ಸಣ್ಣಗಾಗುವುದು ಈ ಚುರುಕಿನ ಎಳೆಗಳೇ. ಬೆನ್ನುಹುರಿಯಲ್ಲಿ ಅವನ್ನು ನಡೆಸುವ ನರಕೋಶಗಳೂ ಕೆಲವು ಸಾಯುತ್ತವೆ. ಪಕ್ಕದ ನರ ಬಂದು ಆ ಎಳೆಗಳನ್ನು ವಹಿಸಿಕೊಳ್ಳದಿದ್ದರೆ ಅವು ಒಣಗಿಹೋಗುತ್ತವೆ. ಸಮತಟ್ಟಾದ ಪಾರ್ಕಿನಲ್ಲಿ ಎಷ್ಟು ಸುತ್ತು ಹಾಕಿದರೂ ಚುರುಕಿನ ಎಳೆಗಳಿಗೆ ಕರೆ ಹೋಗುವುದು ತೀರ ಕಡಿಮೆ. ಭಾರ ಬೀಳಬೇಕು.

ನಮ್ಮ ಹಿರಿಯರು ನೆಲದಲ್ಲಿ ಕೂತು ಉಂಡು, ಕುಕ್ಕರಗಾಲಿನಲ್ಲಿ ಪಾತ್ರೆ ತಿಕ್ಕಿ, ಬಾವಿಯ ನೀರು ಸೇದಿ, ತಿಳಿಯದೆಯೇ ದಿನಕ್ಕೆ ಹತ್ತಾರು ಸಲ ಆ ಭಾರ ಹಾಕುತ್ತಿದ್ದರು. ಊಟದ ಮೇಜು, ಕಮೋಡು ಬಂದ ಮೇಲೆ ತೊಡೆಗೆ ಕೆಲಸವೇ ತಪ್ಪಿದೆ. ಮಂಡಿ ಚೆನ್ನಾಗಿರುವವರು ದಿನಕ್ಕೆ ಒಂದು ಊಟವನ್ನಾದರೂ ಚಕ್ಕಳಮಕ್ಕಳ ಹಾಕಿ ಕೂತು ಮಾಡಿ, ಕೈ ಊರದೆ ಏಳುವುದನ್ನು ಉಳಿಸಿಕೊಂಡರೆ ಒಳ್ಳೆಯದು. ಈಗಾಗಲೇ ಮಂಡಿ ಸವೆದು ನೋಯುವವರು ಬಲವಂತ ಮಾಡುವುದು ಬೇಡ.

ಮೊದಲು ನಿನ್ನ ಬಲ ಎಷ್ಟಿದೆ ನೋಡಿಕೋ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಆನಿಸಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಸಲ ಪೂರ್ತಿ ಎದ್ದು ಕೂರು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬಲ ಕುಂದಿದೆ ಎಂದರ್ಥ. ಅಮ್ಮನಿಗೆ 30 ಸೆಕೆಂಡಿನ ಪರೀಕ್ಷೆ ಮಾಡು: 70ರಿಂದ 74 ವಯಸ್ಸಿನ ಹೆಂಗಸರು ಅಷ್ಟರಲ್ಲಿ ಕನಿಷ್ಠ 10 ಸಲ ಏಳಬೇಕು. ಕೈ ಊರಿ ಎದ್ದರೆ ಲೆಕ್ಕಕ್ಕಿಲ್ಲ. ಆಮೇಲೆ ಅಡುಗೆಕಟ್ಟೆಯ ಪಕ್ಕ ನಿಂತು ಒಂದೇ ಕಾಲಿನಲ್ಲಿ 10 ಸೆಕೆಂಡು ನಿಲ್ಲಲು ಆಗುತ್ತದೆಯೇ ನೋಡಿ.

ವ್ಯಾಯಾಮಕ್ಕೆ ಜಿಮ್ಮೇ ಬೇಕೆಂದಿಲ್ಲ. ಅದೇ ಕುರ್ಚಿ ಸಾಕು. ಪಾದಗಳು ಮಂಡಿಗಿಂತ ಒಂದಿಷ್ಟು ಹಿಂದೆ, ಸೊಂಟದಗಲ ಅಂತರದಲ್ಲಿರಲಿ. ಮೈಯನ್ನು ಮುಂದಕ್ಕೆ ಬಾಗಿಸಿ, ಉಸಿರು ಬಿಡುತ್ತ ಎದ್ದು ನಿಲ್ಲು. ಕೂರುವಾಗ ಮೂರು ನಾಲ್ಕು ಎಣಿಸುವಷ್ಟು ನಿಧಾನವಾಗಿ ಇಳಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಎದ್ದು, ದೊಪ್ಪನೆ ಕೂತುಬಿಡುತ್ತಾರೆ. ನಿಧಾನವಾಗಿ ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯುತ್ತದೆ, ಬಲ ಹೆಚ್ಚಿಸುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲು. ಮಂಡಿಗಳು ಒಳಕ್ಕೆ ವಾಲದೆ ಕಾಲಿನ ಎರಡನೆಯ ಬೆರಳಿನ ನೇರಕ್ಕೇ ಇರಲಿ. 8ರಿಂದ 12 ಸಲ ಒಂದು ಸುತ್ತು, ಒಂದೆರಡು ನಿಮಿಷ ಬಿಡುವು, ಹೀಗೆ ಮೂರು ಸುತ್ತು. ಕೊನೆಯ ಎರಡು ಸಲ ಏಳುವುದು ಕಷ್ಟವೆನಿಸಬೇಕು. ಮೂರು ಸುತ್ತೂ 12ರಂತೆ ಸಲೀಸಾದ ದಿನ, ಎರಡು ಲೀಟರ್ ನೀರಿನ ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು ಮಾಡು. ಅದೂ ಸಲೀಸಾದರೆ ಐದು ಕಿಲೋ ಅಕ್ಕಿಯ ಚೀಲ. ಭಾರ ಏರಿಸದೆ ವರ್ಷಗಟ್ಟಲೆ ಅದನ್ನೇ ಮಾಡುತ್ತಿದ್ದರೆ ಇರುವ ಬಲ ಉಳಿದೀತು, ಹೆಚ್ಚುವುದಿಲ್ಲ. ತಿಂಗಳಾದ ಮೇಲೆ ಒಂದು ಸುತ್ತಿನಲ್ಲಿ ಮಾತ್ರ ಏಳುವುದನ್ನು ಆದಷ್ಟು ಬೇಗ, ಇಳಿಯುವುದನ್ನು ಮೊದಲಿನಂತೆ ನಿಧಾನವಾಗಿ ಮಾಡು. ಚುರುಕಿನ ಎಳೆಗಳಿಗೆ ಅದು ಬೇಕು.

ಇದರ ಜೊತೆ ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ಏಳುವುದು 15 ಸಲ. ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಆ ಕಾಲಿನ ಬಲದಿಂದಲೇ ಏರುವುದು, ಎರಡೂ ಕಡೆ ಹತ್ತು ಹತ್ತು. ಕೆಳಗಿನ ಕಾಲಿನಿಂದ ನೆಲ ಒದ್ದು ಏರಿದರೆ ಮೋಸವಾಗುತ್ತದೆ. ಗೋಡೆಗೆ ಕೈಯಿಟ್ಟು ದಂಡ ಹತ್ತು ಸಲ. ಎರಡು ಕೈಯಲ್ಲೂ ನಾಲ್ಕೈದು ಕಿಲೋ ತರಕಾರಿ ಚೀಲ ಹಿಡಿದು ಬೆನ್ನು ನೆಟ್ಟಗೆ ಮಾಡಿ ನಲವತ್ತು ಹೆಜ್ಜೆ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಟ್ಟು. ಸ್ನಾಯು ತನ್ನನ್ನು ತಾನು ಕಟ್ಟಿಕೊಳ್ಳುವುದು ಆ ಬಿಡುವಿನಲ್ಲಿ, ಆದ್ದರಿಂದ ದಿನಾ ಮಾಡುವ ಹಟ ಬೇಡ. ನಿನ್ನ ಯೋಗಾಸನ ಬಿಡಬೇಡ. ಉತ್ಕಟಾಸನ, ವೀರಭದ್ರಾಸನಗಳು ತೊಡೆಗೆ ನಿಜವಾದ ಭಾರ ಹಾಕುತ್ತವೆ. ಉಸಿರು ಬಿಗಿಹಿಡಿಯಬಾರದು, ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಎದೆ ಬಿಗಿತ, ತಲೆಸುತ್ತು, ಅಳತೆ ಮೀರಿದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣು. ಮೈಕೈ ನೋವು ಒಂದೆರಡು ದಿನ ಇರುತ್ತದೆ, ಅದು ಸಹಜ. ಮಂಡಿಯ ಕೀಲಿನೊಳಗೆ ನೋವು ಮರುದಿನವೂ ಉಳಿದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿಕೋ, ಸುತ್ತು ಕಡಿಮೆ ಮಾಡು.

ಮೊದಲ ಐದಾರು ವಾರದಲ್ಲಿ ಬಲ ಬಂದಂತೆ ಅನ್ನಿಸುತ್ತದೆ, ಟೇಪಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಆಗ ಹೆಚ್ಚಾಗಿ ಕಲಿಯುತ್ತಿರುವುದು ನರಗಳು. ಮಾಂಸ ಕಟ್ಟುವುದು ಕಾಣಲು ಎರಡು ಮೂರು ತಿಂಗಳು ಬೇಕು. ಎಚ್‌ಬಿಎ1ಸಿ ಕೂಡ ಹಿಂದಿನ ಸುಮಾರು ಮೂರು ತಿಂಗಳ ಲೆಕ್ಕ ಹೇಳುವುದರಿಂದ ಅದಕ್ಕೆ ಮುಂಚೆ ಮತ್ತೆ ಪರೀಕ್ಷೆ ಮಾಡಿಸಿ ಬೇಸರ ಮಾಡಿಕೊಳ್ಳಬೇಡ.

ಇನ್ನು ಊಟ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ, ರಾತ್ರಿ ಮತ್ತೆ ಅದೇ, ಎರಡು ಲೋಟ ಕಾಫಿ. ಹೀಗಿದ್ದರೆ ದಿನಕ್ಕೆ ಪ್ರೋಟೀನ್ 35 ಗ್ರಾಂ ದಾಟುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ಮೈತೂಕದ ಕಿಲೋಗೆ 0.83 ಗ್ರಾಂ. ವಯಸ್ಸಾಗುತ್ತ 1ರಿಂದ 1.2 ಗ್ರಾಂ ಇರಲಿ ಎನ್ನುವುದು ಈ ವಿಷಯ ಬಲ್ಲವರ ಮಾತು. ನಿನ್ನ ಲೆಕ್ಕಕ್ಕೆ 58ರಿಂದ 70 ಗ್ರಾಂ. ಅದನ್ನು ಮೂರು ಹೊತ್ತಿಗೆ ಹಂಚಬೇಕು. ವಯಸ್ಸಾದ ಸ್ನಾಯು ಚೂರುಪಾರು ಪ್ರೋಟೀನಿಗೆ ಎಚ್ಚರಗೊಳ್ಳುವುದಿಲ್ಲ, ಒಂದು ಹೊತ್ತಿಗೆ 20ರಿಂದ 25 ಗ್ರಾಂ ಬಂದರೆ ಕಟ್ಟುವ ಕೆಲಸ ಶುರುಮಾಡುತ್ತದೆ. ನಮ್ಮ ಅಡುಗೆಯಲ್ಲಿ ಇದು ಸಾಧ್ಯ. ತಿಂಡಿಗೆ 40 ಗ್ರಾಂ ಹೆಸರುಕಾಳಿನ ಉಸಲಿ ಒಂಬತ್ತು ಗ್ರಾಂ ಕೊಡುತ್ತದೆ, ಒಂದು ಲೋಟ ಹಾಲು ಆರು. ತಿನ್ನುವವರಿಗೆ ಮೊಟ್ಟೆಯೊಂದಕ್ಕೆ ಆರು. ಮಧ್ಯಾಹ್ನ ತಿಳಿಸಾರಿನ ಬದಲು ತಲೆಗೆ 40 ಗ್ರಾಂ ಬೇಳೆ ಬೀಳುವಂಥ ಗಟ್ಟಿ ತೊವ್ವೆ ಅಥವಾ ಹುಳಿ, ಒಂದು ಬಟ್ಟಲು ಮೊಸರು. ಸಂಜೆ ಒಂದು ಹಿಡಿ ಕಡಲೆಕಾಯಿ ಅಥವಾ ಹುರಿಗಡಲೆ. ರಾತ್ರಿ ಮುದ್ದೆಯ ಜೊತೆ ಕಾಳು. ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುವಾಗ ಕಾಳನ್ನು ಬದಿಗೆ ತೆಗೆಯಬೇಡ. ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ, ಒಗ್ಗರಣೆ ಹಾಕಿ ಪಲ್ಯ ಮಾಡಿ ತಿನ್ನಿ. ಕಾಳು ಹೆಚ್ಚಿಸಿದಷ್ಟೂ ಅನ್ನ ತಗ್ಗಿಸು. ಆದರೆ ಅಮ್ಮನ ಊಟ ಬದಲಿಸುವ ಮೊದಲು ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಲಿ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರೋಟೀನ್ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಮೂಳೆಯ ಮಾತು ಚಿಕ್ಕದಾಗಿ ಹೇಳುತ್ತೇನೆ. ಮುಟ್ಟು ನಿಂತ ಮೊದಲ ಐದರಿಂದ ಏಳು ವರ್ಷ ಮೂಳೆ ಬಹಳ ಬೇಗ ಸವೆಯುತ್ತದೆ, ಏಕೆಂದರೆ ಮೂಳೆ ತಿನ್ನುವ ಕೋಶಗಳಿಗೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಹಾಕಿದ್ದ ಕಡಿವಾಣ ಹೋಗಿರುತ್ತದೆ. ನೀನು ಆ ಬಾಗಿಲಲ್ಲಿದ್ದೀಯ. ಮೇಲೆ ಹೇಳಿದ ಭಾರದ ವ್ಯಾಯಾಮವೇ ಮೂಳೆಗೂ ಔಷಧಿ, ಸ್ನಾಯು ಎಳೆದಾಗಲೇ ಮೂಳೆಗೆ ಗಟ್ಟಿಯಾಗುವ ಸಂದೇಶ ಸಿಗುವುದು. ಮುಟ್ಟು ನಿಂತ ಮೇಲೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350, ಲೋಟ ಹಾಲಿನಲ್ಲಿ 240, ಒಂದು ದೊಡ್ಡ ಚಮಚ ಕರಿ ಎಳ್ಳಿನ ಪುಡಿಯಲ್ಲಿ ನೂರರ ಹತ್ತಿರ. ವಿಟಮಿನ್ ಡಿ ಕಡಿಮೆ ಇದೆ ಎಂದರೆ 60,000 ಯೂನಿಟ್ಟಿನ ಮಾತ್ರೆ ವಾರಕ್ಕೊಂದು ಬರೆದುಕೊಡುತ್ತಾರೆ, ಸಾಮಾನ್ಯವಾಗಿ ಎಂಟು ವಾರ. ಚೀಟಿ ಮುಗಿದ ಮೇಲೂ ತಿಂಗಳುಗಟ್ಟಲೆ ಅದನ್ನೇ ನುಂಗುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು, ಹಾಗೆ ಮಾಡಬೇಡ.

ಅಮ್ಮನ ವಿಷಯ ನನ್ನ ಮನಸ್ಸಿನಲ್ಲಿ ಹೆಚ್ಚು ಕೂತಿದೆ. ಜ್ವರ ಬಂತೆಂದು ಮಲಗಿಸಿಯೇ ಇಡಬೇಡಿ. ಆರೋಗ್ಯವಾಗಿದ್ದ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿಟ್ಟು ಅಳೆದಾಗ ಕಾಲುಗಳಲ್ಲಿ ಸುಮಾರು ಒಂದು ಕಿಲೋ ಮಾಂಸ ಹೋಗಿತ್ತೆಂದು 2007ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ವೈದ್ಯರು ಬೇಡ ಅನ್ನದಿದ್ದರೆ ಊಟಕ್ಕೆ ಕುರ್ಚಿಗೆ ಬರಲಿ, ಬಚ್ಚಲಿಗೆ ನಡೆದೇ ಹೋಗಲಿ. ಈ ವಯಸ್ಸಿಗೆ ಇನ್ನೇನು ವ್ಯಾಯಾಮ ಎಂದು ಅವಳು ಅಂದರೆ, 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮದಲ್ಲಿ 86ರಿಂದ 96 ವಯಸ್ಸಿನವರಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿ ಕಾಲಿನ ಬಲ ಎರಡು ಪಟ್ಟಿಗೂ ಮೀರಿದ್ದನ್ನು ಹೇಳು. ಅವಳಿಗೆ ಇನ್ನೂ 72.

ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಅಮ್ಮನಿಗೆ ತಲೆ ಧಿಮ್ಮೆನ್ನುತ್ತದೆ ಅಂತ ಬರೆದಿದ್ದೀಯ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕಾಲಿಗೆ, ಹೊಟ್ಟೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ಒತ್ತಡದ ಗ್ರಾಹಕಗಳು ಅದನ್ನು ಗುರುತಿಸಿ ನಾಳಗಳನ್ನು ಬಿಗಿಮಾಡಬೇಕು. ವಯಸ್ಸಾದಂತೆ ಆ ಕೆಲಸ ತಡವಾಗುತ್ತದೆ. ಐದು ನಿಮಿಷ ಮಲಗಿಸಿ ಬಿಪಿ ನೋಡು, ನಿಲ್ಲಿಸಿ ಒಂದನೆಯ ಹಾಗೂ ಮೂರನೆಯ ನಿಮಿಷಕ್ಕೆ ಮತ್ತೆ ನೋಡು. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ವೈದ್ಯರಿಗೆ ತೋರಿಸು. ಬಿಪಿ ಮಾತ್ರೆಯ ಹೊತ್ತು ಅಥವಾ ಪ್ರಮಾಣ ಬದಲಿಸಬೇಕಾಗಬಹುದು, ನೀವೇ ನಿಲ್ಲಿಸಬೇಡಿ. ಅಲ್ಲಿಯವರೆಗೆ ಎದ್ದವಳು ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದಗಳನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ ಆಮೇಲೆ ಹೆಜ್ಜೆ ಇಡಲಿ. ಮೀನಖಂಡ ಹಿಂಡಿದಾಗ ರಕ್ತ ಮೇಲೇರುತ್ತದೆ. ನಿದ್ದೆಮಾತ್ರೆ, ಶೀತದ ಮಾತ್ರೆ ತೆಗೆದುಕೊಂಡ ರಾತ್ರಿ ಇನ್ನೂ ಹುಷಾರು. ಬಾಯಾರಿಕೆ ಈ ವಯಸ್ಸಿಗೆ ಮಂದವಾಗುವುದರಿಂದ ಹಗಲಲ್ಲೇ ಹೊತ್ತು ಹೊತ್ತಿಗೆ ನೀರು, ಮಜ್ಜಿಗೆ ಕೊಡಿ.

ಅಂಗಾಲು ಜೋಮು, ಹತ್ತಿಯ ಮೇಲೆ ನಡೆದ ಹಾಗೆ ಅನ್ನುತ್ತಾಳಲ್ಲ, ಅದನ್ನು ವಯಸ್ಸಿಗೆ ಹಾಕಿ ಬಿಡಬೇಡ. ಸಸ್ಯಾಹಾರ, ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್, ಅದರ ಮೇಲೆ ಆಸಿಡಿಟಿಯ ಮಾತ್ರೆ. ಮೂರೂ ಸೇರಿದರೆ ವಿಟಮಿನ್ ಬಿ12 ಕುಸಿಯಬಹುದು. ಸೊಪ್ಪು, ಕಾಳುಗಳಲ್ಲಿ ಬಿ12 ಇಲ್ಲ, ಹಾಲು ಮೊಸರಿನಿಂದ ಬರುವುದು ಸ್ವಲ್ಪ. ಆಹಾರದಲ್ಲಿರುವುದನ್ನು ಬಿಡಿಸಿಕೊಳ್ಳಲು ಬೇಕಾದ ಜಠರದ ಆಮ್ಲವನ್ನು ಆಸಿಡಿಟಿಯ ಮಾತ್ರೆ ತಗ್ಗಿಸುತ್ತದೆ. ಕೊರತೆ ಬಹಳ ಕಾಲ ಉಳಿದರೆ ನರದ ಹಾನಿ ಪೂರ್ತಿ ಸರಿಹೋಗದು, ತೂಕತಪ್ಪಿ ಬೀಳುವುದೂ ಅದರಿಂದಲೇ ಶುರುವಾಗುತ್ತದೆ. ಈ ವಾರವೇ ಪರೀಕ್ಷೆ ಮಾಡಿಸು. ಹಾಗೆಯೇ ಬಚ್ಚಲಲ್ಲಿ ಕಮೋಡಿನ ಪಕ್ಕ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸು, ಟವೆಲ್ ಸರಳು ಮೈಭಾರ ತಡೆಯುವುದಿಲ್ಲ. ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯಲಿ.

ಅವಳ ಬಿ12, ಕ್ರಿಯಾಟಿನಿನ್ ವರದಿಗಳು ಬಂದ ಕೂಡಲೇ, ಮಲಗಿ ನಿಂತು ನೋಡಿದ ಬಿಪಿಯ ಸಂಖ್ಯೆಗಳ ಜೊತೆ ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ