ಮಳೆಗಾಲದ ಮಿಸ್‌ಫೈರ್: ನಾಲ್ಕೂ ಕಾಯಿಲ್ ಬದಲಿಸಬೇಕಿಲ್ಲ

ಮಾನ್ಯರೇ,

ಮುಂಗಾರು ಶುರುವಾದರೆ ಮಲೆನಾಡಿನ ಗ್ಯಾರೇಜುಗಳಿಗೆ ‘ಏರು ಹತ್ತುವಾಗ ಜರ್ಕ್ ಹೊಡೆಯುತ್ತೆ’ ಎಂಬ ದೂರಿನ ಪೆಟ್ರೋಲ್ ಕಾರುಗಳು ಬರತೊಡಗುತ್ತವೆ. ಇದು ಹೆಚ್ಚಾಗಿ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಪರೀಕ್ಷಿಸದೆ ನಾಲ್ಕೂ ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ), ಪ್ಲಗ್ ಬದಲಿಸಿ ಬಿಲ್ ಕೊಡುವುದು ಸರಿಯಲ್ಲ. ಮೊದಲು ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ತೋರಿಸಿ ಎಂದು ಗ್ರಾಹಕರು ಕೇಳಲಿ.

ಸ್ಕ್ಯಾನರ್‌ನಲ್ಲಿ ಪಿ0302 ಬಂದರೆ ತೊಂದರೆ 2ನೇ ಸಿಲಿಂಡರಿನದು. ಅದರ ಕಾಯಿಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿ, ಕೋಡ್ ಅಳಿಸಿ, ಏರಿನಲ್ಲಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಹಾಗೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಅದೂ ಅಲ್ಲವೆಂದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಕೊನೆಗೆ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ನೋಡಿ. ಪ್ಲಗ್ ಬಿಚ್ಚುವುದು ಇಂಜಿನ್ ತಣ್ಣಗಾದ ಮೇಲೆಯೇ. ಬಿಸಿ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತು ಬಂದೀತು.

ನಮ್ಮ ಕಡೆ ಇನ್ನೆರಡು ಕಾರಣಗಳುಂಟು: ಪ್ಲಗ್ ಕೂರುವ ಗುಂಡಿಗೆ ಇಳಿದ ನೀರು, ಕೊಟ್ಟಿಗೆ ಪಕ್ಕ ನಿಲ್ಲಿಸಿದ ಕಾರಿನ ವೈರಿಗೆ ಇಲಿ ಬಾಯಿ ಹಾಕಿರುವುದು. ಪ್ಲಗ್ಗಿನ ಪಿಂಗಾಣಿಯ ಮೇಲೆ ಸಪೂರ ಕಪ್ಪು ಗೆರೆ ಕಂಡರೆ ಕಿಡಿ ಹೊರಗಿನಿಂದಲೇ ಹಾದಿದೆ ಎಂದರ್ಥ. ಆಗ ಪ್ಲಗ್ ಜೊತೆ ಕಾಯಿಲಿನ ರಬ್ಬರ್ ಬೂಟನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹೊಸದೂ ಹಾಳು.

ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಆಗುಂಬೆ ಘಾಟಿ ಹತ್ತಿಸಲೇಬೇಡಿ. ಉರಿಯದೆ ಹೋದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸಬಹುದು. ಅದರ ಬೆಲೆಯ ಮುಂದೆ ಒಂದು ಕಾಯಿಲ್ ಲೆಕ್ಕಕ್ಕೇ ಇಲ್ಲ.

– ಒಬ್ಬ ಮೆಕ್ಯಾನಿಕ್, ತೀರ್ಥಹಳ್ಳಿ