ಹಳ್ಳದ ಎರಡೂ ದಂಡೆಯವರಿಗೆ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮ ಮನೆಯ ಹಳೇ ಕಾಗದಗಳ ಕೊನೆಯ ಪೆಟ್ಟಿಗೆ ಪತ್ರಾಗಾರ ಸೇರಿತು. ಒಟ್ಟು 14 ಪೆಟ್ಟಿಗೆ. 63 ಲೆಕ್ಕದ ಪುಸ್ತಕ, ಒಂದು ಬಟ್ಟೆಯ ಕಡತ, ಸಾವಿರದ ನೂರಕ್ಕೂ ಜಾಸ್ತಿ ಕಾಗದಗಳು. ಏಳು ವರ್ಷದ ಕೆಲಸ. ಇದು ಒಬ್ಬರಿಂದ ಆಗಿದ್ದಲ್ಲ. ಯಾರ್‍ಯಾರು ಕೈ ಹಚ್ಚಿದರೋ ಅವರಿಗೆಲ್ಲ ಎಲ್ಲರೆದುರು ಧನ್ಯವಾದ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಬರಹ.

ನಮ್ಮ ಮನೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕೊನೆಯಲ್ಲಿದೆ. ಮನೆಯ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ. ಹಳ್ಳ ದಾಟಿದರೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕು. ಈಗ ಅದು ಬರೀ ಜಿಲ್ಲೆಯ ಗಡಿ. 1956ಕ್ಕೆ ಮೊದಲು ಹಾಗಿರಲಿಲ್ಲ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಳ್ಳದ ಈಚೆ ಬ್ರಿಟಿಷ್ ಸರಕಾರ, ಆಚೆ ಮೈಸೂರು ಮಹಾರಾಜರ ಸೀಮೆ. ನಮ್ಮ ಹಿರಿಯರಿಗೆ ಈಚೆ ತೋಟ, ಆಚೆ ಸ್ವಲ್ಪ ಗದ್ದೆ. ಹಾಗಾಗಿ ಎಲ್ಲವೂ ಎರಡೆರಡು. ಎರಡು ಕಂದಾಯ, ಎರಡು ಕಚೇರಿ, ಎರಡು ನಮೂನೆಯ ಛಾಪಾ ಕಾಗದ. ಒಂದರ ಮೇಲೆ ರಾಜನ ತಲೆ, ಇನ್ನೊಂದರ ಮೇಲೆ ಗಂಡಭೇರುಂಡ. ಚಿಕ್ಕವಳಿದ್ದಾಗ ಆ ಗಂಡಭೇರುಂಡ ನೋಡಲಿಕ್ಕೇ ನಾನು ಮೆತ್ತು, ಅಂದರೆ ಅಟ್ಟ, ಹತ್ತುತ್ತಿದ್ದೆ.

ಮೊದಲ ಧನ್ಯವಾದ ನನ್ನ ಆಯಿಗೆ, ಅಂದರೆ ಅಮ್ಮನಿಗೆ.

ಈ ದಫ್ತರವೆಲ್ಲ ಬಚ್ಚಲ ಒಲೆಯ ನೇರ ಮೇಲಿನ ಅಟ್ಟದಲ್ಲಿತ್ತು. ದಿನಾ ಹೊಗೆ ತಾಗುತ್ತಿತ್ತು. ಅದಕ್ಕೇ ಒರಲೆ (ಗೆದ್ದಲು) ಹತ್ತಲಿಲ್ಲ ಎಂದು ಆಮೇಲೆ ತಿಳಿದವರು ಹೇಳಿದರು. ಮನೆಗೆ ಸೋಲಾರ್ ಬಂದು ಬಚ್ಚಲ ಒಲೆ ನಿಂತಿತು. ಎರಡೇ ವರ್ಷದಲ್ಲಿ ಒಂದು ಮೂಲೆಯ ಪುಸ್ತಕಗಳು ಜರಡಿಯ ಹಾಗಾದವು. ಆಗ ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಸುಮ್ನೆ ಹಂಡೆ ಒಲೆಗೆ ಹಾಕಿ. ಗುಜರಿಯವನೂ ಬಂದು ಕೆ.ಜಿ. ಲೆಕ್ಕದಲ್ಲಿ ಬೆಲೆ ಹೇಳಿ ಹೋದ. ನಾನು ಒಂದು ಕಚೇರಿಗೆ ಹೋಗಿ ಕೇಳಿದಾಗ, ತಾಮ್ರಪಟ, ತಾಳೆಗರಿ ಇದ್ದರೆ ತನ್ನಿ, ಹಳೇ ಜಮಾಖರ್ಚು ಯಾರಿಗೆ ಬೇಕು ಎಂದರು. ಬಸ್ಸಿನಲ್ಲಿ ಅಳು ಬಂತು. ಮನೆಗೆ ಬಂದಾಗ ಆಯಿ ಹೇಳಿದ್ದು ಇಷ್ಟೇ: "ಕೂಸೇ, ಒಂದು ಹಾಳೆನೂ ಎಸೆಯಡ."

ಆಯಿ ಓದಿದ್ದು ನಾಲ್ಕನೇ ಕ್ಲಾಸು. ಆ ಕಾಗದಗಳಲ್ಲಿ ಏನಿದೆ ಎಂದು ಆಕೆಗೂ ಪೂರ್ತಿ ಗೊತ್ತಿರಲಿಲ್ಲ. ಆದರೆ ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಮಳೆಗಾಲ ಮುಗಿದ ಮೇಲೆ ಅವನ್ನು ಕೆಳಗಿಳಿಸಿ, ಧೂಳು ಒರೆಸಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ ಮತ್ತೆ ಇಡುತ್ತಿದ್ದಳು. ಯಾವ ಕಟ್ಟು ಎಲ್ಲಿತ್ತೋ ಅಲ್ಲೇ. ಪತ್ರಾಗಾರದವರು ಮೊದಲ ದಿನ ಬಂದಾಗ ಕೇಳಿದ ಮೊದಲ ಪ್ರಶ್ನೆಯೇ ಇದು: "ಇವನ್ನು ಯಾರಾದರೂ ಬೇರೆ ಬೇರೆ ಮಾಡಿ ಜೋಡಿಸಿದ್ದಾರಾ?" ಇಲ್ಲ ಅಂದಾಗ ಅವರ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ಯಾವ ಕಾಗದದ ಪಕ್ಕ ಯಾವ ಕಾಗದ ಇತ್ತು ಎನ್ನುವುದೂ ಒಂದು ದಾಖಲೆಯಂತೆ. ಅಡಿಕೆ ಪಟ್ಟಿಯ ಮಡಿಕೆಯೊಳಗೆ ಜೈಲಿನ ಕಾಗದ ಯಾಕಿತ್ತು ಎನ್ನುವುದು, ಎರಡನ್ನೂ ಬೇರೆ ಫೈಲಿಗೆ ಹಾಕಿದ್ದರೆ ಯಾವತ್ತೂ ತಿಳಿಯುತ್ತಿರಲಿಲ್ಲ.

ಇನ್ನು 2019ರ ಆಗಸ್ಟ್. ಆ ಮಳೆ ನಮ್ಮ ಕಡೆಯವರಿಗೆ ನೆನಪಿಸಬೇಕಿಲ್ಲ. ರಾತ್ರಿ ಗಾಳಿಗೆ ಹಂಚು ಜಾರಿ ಎರಡು ಕಟ್ಟು ಪೂರ್ತಿ ನೆನೆದವು. ನಾನು ಬೆಂಗಳೂರಿನಲ್ಲಿದ್ದೆ. ಅಣ್ಣ ಫೋನ್ ಮಾಡಿ, ಅಡಿಕೆ ಒಣಗಿಸುವ ಭಟ್ಟಿಯ ಮೇಲೆ ಇಡುತ್ತೇನೆ ಎಂದ. ಅದೃಷ್ಟಕ್ಕೆ ಪತ್ರಾಗಾರದ ಸಂರಕ್ಷಣಾ ವಿಭಾಗದ ಆ ಅಕ್ಕ ಬೆಳಗ್ಗೆ ಆರು ಗಂಟೆಗೆ ಫೋನ್ ಎತ್ತಿದರು. ಬೆಂಕಿಗೆ ಹಿಡಿಯಬೇಡಿ ಎಂದರು. ಅಂಟಿಕೊಂಡ ಹಾಳೆ ಬಿಡಿಸಲು ಹೋಗಬೇಡಿ. ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಸು ಹಿಡಿಯುತ್ತದೆ, ಅಷ್ಟರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಂಜುಗಟ್ಟಿಸಿ. ಮಂಜುಗಟ್ಟಿದರೆ ಸಮಯ ಸಿಗುತ್ತದೆ.

ಹಳ್ಳಿಯಲ್ಲಿ ಮಂಜುಗಟ್ಟಿಸುವುದು ಎಲ್ಲಿ? ನಮ್ಮೂರ ಕ್ರಾಸಿನ ಅಂಗಡಿಯಲ್ಲಿ ಒಂದು ಐಸ್‌ಕ್ರೀಮ್ ಫ್ರೀಜರ್ ಇದೆ. ಅಣ್ಣ ಹೋಗಿ ವಿಷಯ ಹೇಳಿದ. ಅಂಗಡಿಯವರು ಎರಡನೇ ಮಾತು ಆಡಲಿಲ್ಲ. ಇದ್ದ ಐಸ್‌ಕ್ರೀಮನ್ನೆಲ್ಲ ತೆಗೆದು ಅಕ್ಕಪಕ್ಕದ ಮಕ್ಕಳಿಗೆ ಹಂಚಿಬಿಟ್ಟರು. ನಮ್ಮ ಕಟ್ಟುಗಳನ್ನು ಒಳಗಿಟ್ಟರು. ಕರೆಂಟ್ ಹೋದಾಗೆಲ್ಲ ಜನರೇಟರ್ ಹಾಕಿದರು. ಹನ್ನೊಂದು ದಿನ. ಡೀಸೆಲ್ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ರಸ್ತೆ ಸರಿಯಾದ ಮೇಲೆ ಕುಮಟಾದಿಂದ ಮೀನು ತರುವ ಅಣ್ಣ ತನ್ನ ದೊಡ್ಡ ಥರ್ಮಾಕೋಲ್ ಪೆಟ್ಟಿಗೆಯನ್ನು ಮೂರು ಸಲ ತೊಳೆದು, ಐಸ್ ತುಂಬಿ ಕೊಟ್ಟ. ಅದರಲ್ಲೇ ಕಾಗದಗಳು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದವು. ಇವರಿಬ್ಬರೂ ಹೆಸರು ಬರೆಯಬೇಡಿ ಎಂದಿದ್ದಾರೆ. ಪತ್ರಾಗಾರದವರೂ ಹಾಗೇ. ಓದುವಾಗ ನಿಮಗೇ ಗೊತ್ತಾಗುತ್ತದೆ ಅಲ್ವಾ, ಇದು ನಿಮ್ಮದೇ ಕಥೆ ಅಂತ. ನಮ್ಮ ಮನೆ ಮಂದಿಯೆಲ್ಲ ನಿಮ್ಮ ಋಣದಲ್ಲಿದ್ದೇವೆ.

ಆ ಕಟ್ಟುಗಳಲ್ಲೇ 1932ರ ರೋಜಕಿರ್ದಿ, ಅಂದರೆ ದಿನದಿನದ ಲೆಕ್ಕದ ಪುಸ್ತಕ, ಇತ್ತು.

ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಿದ್ದಾಪುರ, ಅಂಕೋಲಾ ತಾಲೂಕುಗಳ ಕರನಿರಾಕರಣೆ ಗೊತ್ತಿರುವವರಿಗೆ ಗೊತ್ತು. ಕಂದಾಯ ಕಟ್ಟುವುದಿಲ್ಲ ಎಂದು ರೈತರು ನಿಂತರು. ಸರಕಾರ ಜಮೀನು, ದನ, ಪಾತ್ರೆ-ಪಗಡೆ ಜಪ್ತು ಮಾಡಿತು. ಜಪ್ತಾದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತ ಮಾವಿನಗುಂಡಿ ನಮ್ಮನೆಯಿಂದ ದೂರವಿಲ್ಲ. ನಮ್ಮ ಮುತ್ತಜ್ಜ ಆಗ ಬೆಳಗಾವಿಯ ಹಿಂಡಲಗಾ ಜೈಲಿಗೆ ಹೋಗಿದ್ದರು ಎಂದು ಕೇಳಿದ್ದೆವು. ಅಷ್ಟೇ ಗೊತ್ತಿತ್ತು.

ಕಿರ್ದಿ ಒಣಗಿ ಬಂದ ಮೇಲೆ ನೋಡಿದೆವು. ಒಂದು ಪುಟದಲ್ಲಿ ಮೇಲೆ ಮೈಸೂರಿನ ಕಂದಾಯ ಕಟ್ಟಿದ್ದು ಇದೆ, ರೂಪಾಯಿ-ಆಣೆ-ಪೈ ಸಮೇತ. ಅದರ ಕೆಳಗೆ ಈಚೆಯ ತೋಟದ ಕಂದಾಯದ ಸಾಲು. ಮೊತ್ತ ಬರೆಯುವ ಜಾಗದಲ್ಲಿ ಅಂಕಿ ಇಲ್ಲ. "ಕಟ್ಟತಕ್ಕದ್ದಲ್ಲ" ಎಂದು ಒಂದೇ ಪದ. ಒಂದೇ ಶಾಯಿ, ಒಂದೇ ಓರೆ ಅಕ್ಷರ.

ಹಾಳೆ ತಿರುವಿದರೆ, ಆಂಗೀರಸ ಸಂವತ್ಸರದ ಜ್ಯೇಷ್ಠ ಮಾಸದಲ್ಲಿ ಅಕ್ಷರ ಬದಲಾಗುತ್ತದೆ. ಓರೆ ಬರಹ ನಿಂತು ದುಂಡನೆಯ, ನಡುಗುವ ಬರಹ ಶುರುವಾಗುತ್ತದೆ. ಮೊದಲ ಕೆಲವು ಪುಟಗಳಲ್ಲಿ ಒತ್ತಕ್ಷರ ತಪ್ಪಿದೆ, ಕೂಡಿದ್ದು ಎರಡೆರಡು ಸಲ ಹೊಡೆದು ಹಾಕಿದೆ. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಗೆರೆ ನೇರವಾಗಿದೆ. ಶಿಲ್ಕು (ಕೈಯಲ್ಲಿ ಉಳಿದ ಮೊತ್ತ) ಪೈಗೆ ಪೈ ಹೊಂದಿದೆ. ಅದು ಮುತ್ತಜ್ಜಿಯ ಕೈ. ಆಕೆಗೆ ಬರೆಯಲು ಬರುತ್ತಿತ್ತು ಎನ್ನುವುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುತ್ತಜ್ಜನ ಸತ್ಯಾಗ್ರಹಕ್ಕೆ ಊರಲ್ಲಿ ಹೆಸರಿದೆ. ಆ ಎರಡು ವರ್ಷ ಮನೆ ಹೇಗೆ ನಡೆಯಿತು ಎಂದು ಯಾರೂ ಕೇಳಿರಲಿಲ್ಲ. ಉಪ್ಪು, ಚಿಮಣಿ ಎಣ್ಣೆ, ಅಡಿಕೆ ಕೊನೆ ಕೊಯ್ದವರ ಕೂಲಿ, ಮಗುವಿಗೆ ಜ್ವರದ ಔಷಧ, ಹಿಂಡಲಗಾಕ್ಕೆ ಕಾರ್ಡು. ಎಲ್ಲವೂ ಅಲ್ಲಿದೆ. ಆ ಜ್ವರದ ಮಗು ನನ್ನ ಅಜ್ಜ.

ಅಂಟಿಕೊಂಡಿದ್ದ ಆ ಹಾಳೆಗಳನ್ನು ಬಿಡಿಸಿದವರ ಕೈಗಳನ್ನು ನಾನು ನೋಡಿದ್ದೇನೆ. ಒಂದು ದಿನಕ್ಕೆ ಐದು, ಆರು ಹಾಳೆ. ಒತ್ತುಕಾಗದದ ನಡುವೆ ಇಟ್ಟು ನಿಧಾನ ಒಣಗಿಸುವುದು. ಹರಿದ ಕಡೆ ತೆಳ್ಳಗಿನ ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು. ಈ ಅಂಟನ್ನು ಬೇಕೆಂದರೆ ನಾಳೆ ನೀರಲ್ಲಿ ಬಿಡಿಸಬಹುದು. ಹಿಂದೆ ನಮ್ಮ ಚಿಕ್ಕಪ್ಪ ಪ್ರೀತಿಯಿಂದಲೇ ಕೆಲವಕ್ಕೆ ಸೆಲ್ಲೋಟೇಪು ಹಚ್ಚಿದ್ದರು. ಆ ಜಾಗವೆಲ್ಲ ಕಂದುಬಣ್ಣಕ್ಕೆ ತಿರುಗಿ ಅಕ್ಷರ ಮಾಸಿತ್ತು. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಹಾಕಿದರು. ನಿಮ್ಮ ಮನೆಯಲ್ಲೂ ಹಳೇ ಕಾಗದ ಇದ್ದರೆ, ದಯವಿಟ್ಟು ಟೇಪು ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ.

ಕಡತದ್ದು ಬೇರೆಯೇ ಕಥೆ. ಈಗ ಆಫೀಸಿನ ಫೈಲಿಗೆ ಕಡತ ಅನ್ನುತ್ತೇವೆ. ಮೂಲದ ಕಡತ ಬಟ್ಟೆಯದು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುವುದು. ಸ್ಲೇಟಿನ ಹಾಗೆ ಒರೆಸಲೂ ಬಹುದು. ಅದಕ್ಕೇ ಪತ್ರಾಗಾರದವರು ಬೆರಳು ತಾಗಿಸಲೂ ಬಿಡಲಿಲ್ಲ. ನಾವು ಚಿಕ್ಕವರಿದ್ದಾಗ ಅದರ ಮೇಲೆ ಕೈಯಾಡಿಸಿದ್ದು ನೆನಪಾಗಿ ಎದೆ ಧಸಕ್ಕೆಂದಿತು.

ಹುಬ್ಬಳ್ಳಿ ವ್ಯಾಪಾರಸ್ಥರಿಂದ ಬಂದ ಕಾಗದಗಳು ಮೋಡಿ ಲಿಪಿಯಲ್ಲಿದ್ದವು, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರ. ನಮಗೆ ಒಂದಕ್ಷರವೂ ಹತ್ತಲಿಲ್ಲ. ಬೆಳಗಾವಿಯ ನಿವೃತ್ತ ಮಾಸ್ತರರೊಬ್ಬರು ಎಂಬತ್ತು ದಾಟಿದ ವಯಸ್ಸಿನಲ್ಲಿ ಭೂತಗನ್ನಡಿ ಹಿಡಿದು ಕೂತು ಓದಿ ಹೇಳಿದರು. ಚಾಲಿ ಅಡಿಕೆಗೆ ಇಷ್ಟು, ಬೆಟ್ಟೆ ಅಡಿಕೆಗೆ ಇಷ್ಟು, ತೂಕದಲ್ಲಿ ಕಡಿಮೆ ಬಂತು, ಮುಂಗಡಕ್ಕೆ ಬಡ್ಡಿ ಹಿಡಿದಿದೆ. ವರ್ಷವರ್ಷವೂ ಅದೇ ಮಾತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ಸೇರಿ ಸಹಕಾರಿ ಮಾರಾಟ ಸಂಘ ಯಾಕೆ ಕಟ್ಟಿದರು ಎಂದು ಈ ಕಾಗದ ಓದಿದರೆ ಬೇರೆ ಯಾರೂ ಹೇಳಬೇಕಾಗಿಲ್ಲ. ಮಾಸ್ತರರೇ, ನಿಮ್ಮ ಕಣ್ಣಿಗೆ ಕೊಟ್ಟ ತ್ರಾಸಿಗೆ ಕ್ಷಮೆ ಇರಲಿ.

ಈಗ ಹೇಳಲು ಕಷ್ಟವಾದ ಮಾತು.

ನಮ್ಮ ಲೆಕ್ಕದಲ್ಲಿ ಬರೀ ನಮ್ಮ ಹಿರಿಯರ ಕಷ್ಟ ಇಲ್ಲ. ಅವರು ಬೇರೆಯವರಿಗೆ ಕೊಟ್ಟ ಕಷ್ಟವೂ ಇದೆ. ಗೇಣಿ ಬಾಕಿಯ ಪುಟಗಳಿವೆ. ಮದುವೆಗೆಂದು ನಲವತ್ತು ರೂಪಾಯಿ ಸಾಲ ಪಡೆದ ಒಬ್ಬರ ಖಾತೆ ಹದಿನೇಳು ವರ್ಷ ಹರಿದಿದೆ. ದುಡಿದಿದ್ದು ಜಮಾ ಆಗುತ್ತದೆ, ಅಕ್ಕಿ-ಕಂಬಳಿ ಖರ್ಚಾಗುತ್ತದೆ, ಬಾಕಿ ಮುಗಿಯುವುದೇ ಇಲ್ಲ. ಅವರ ನಂತರ ಅದೇ ಖಾತೆಗೆ ಮಗನ ಹೆಸರು ಬಂದಿದೆ. ಅದೇ ಮುತ್ತಜ್ಜನ ಓರೆ ಅಕ್ಷರದಲ್ಲಿ. ಇದಕ್ಕೇ ಜೀತ ಅನ್ನುವುದು. ಅದು ಕಾನೂನಿನಿಂದ ರದ್ದಾಗಿದ್ದು 1976ರಲ್ಲಿ. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಪುಟಗಳನ್ನು ತೆಗೆದಿಟ್ಟು ಉಳಿದಿದ್ದು ಕೊಡೋಣ ಎಂದು ಮನೆಯಲ್ಲಿ ಮಾತು ಬಂತು. ಮೂರು ತಿಂಗಳು ಮಾತುಕತೆ ನಡೆಯಿತು, ಜಗಳವೂ ಆಯಿತು. ಕೊನೆಗೆ ದಾನಪತ್ರಕ್ಕೆ ಮೊದಲ ಸಹಿ ಹಾಕಿದವರು, ಬೇಡ ಎಂದಿದ್ದ ಚಿಕ್ಕಪ್ಪನೇ. "ಇದ್ದಿದ್ದು ಇದ್ದ ಹಾಗೆ ಹೋಗಲಿ" ಎಂದರು. ಚಿಕ್ಕಪ್ಪಾ, ಆ ಸಹಿ ನಿಮಗೆ ಎಷ್ಟು ಭಾರವಾಗಿತ್ತು ಎಂದು ನನಗೆ ಗೊತ್ತು. ಕೆಲವು ಕಾಗದಗಳಲ್ಲಿ ಈಗ ಬದುಕಿರುವವರ ಕಾಯಿಲೆಯ ವಿಷಯ ಇತ್ತು. ಅಷ್ಟನ್ನು ಮಾತ್ರ 25 ವರ್ಷ ತೆರೆಯುವುದಿಲ್ಲ. ಸಾಲದ ಖಾತೆ ಎಲ್ಲವೂ ತೆರೆದಿದೆ.

ಆ ಖಾತೆಯವರ ಮರಿಮಗಳು ಈಗ ಶಾಲೆಯಲ್ಲಿ ಟೀಚರ್. ಆಕೆಯ ಮನೆಗೆ ನಾನೂ ಅಣ್ಣನೂ ಹೋಗಿ, ಎಲ್ಲ ಪುಟಗಳ ಪ್ರತಿ ಕೊಟ್ಟು ಬಂದೆವು. ಏನು ಹೇಳಬೇಕು ಎಂದು ತಿಳಿಯದೆ ಕೂತಿದ್ದೆವು. ಆಕೆ ಸುಮಾರು ಹೊತ್ತು ಓದಿದರು. ಆಮೇಲೆ, "ನಮ್ಮ ಮುತ್ತಜ್ಜನ ಹೆಸರು ಬರೆದಿರೋದು ನಾನು ನೋಡ್ತಿರೋದು ಇದೇ ಮೊದಲು" ಎಂದರು. ಅವರ ಮನೆಯಲ್ಲಿ ಅಜ್ಜನ ಹೆಸರಿನ ಆಚೆ ಯಾರಿಗೂ ಗೊತ್ತಿರಲಿಲ್ಲ. ಸೂಚಿಯಲ್ಲಿ ಬರೀ "ಆಳುಗಳ ಖಾತೆ" ಎಂದು ಬರೆಯಬೇಡಿ, ಒಬ್ಬೊಬ್ಬರ ಹೆಸರೂ ಹಾಕಿಸಿ ಎಂದು ಕೇಳಿದವರು ಅವರೇ. ಪತ್ರಾಗಾರದವರು ಒಪ್ಪಿ, ಇನ್ನೂ ನಾಲ್ಕು ತಿಂಗಳು ಕೂತು 212 ಹೆಸರು ಸೇರಿಸಿದರು. ಟೀಚರ್, ನೀವು ನಮ್ಮನ್ನು ಬಾಗಿಲಲ್ಲೇ ಕಳಿಸಬಹುದಿತ್ತು. ಕೂರಿಸಿ ಚಹಾ ಕೊಟ್ಟಿರಿ. ನಮ್ಮ ಇಡೀ ಕೆಲಸ ನಿಮ್ಮಿಂದ ನೆಟ್ಟಗಾಯಿತು.

ಕೊನೆಯ ಧನ್ಯವಾದ ಹಳ್ಳದ ಆಚೆಗೆ.

ಕಿರ್ದಿಯ ಹಿಂದಿನ ರಟ್ಟಿನೊಳಗೆ ಮಡಿಸಿದ ಒಂದು ಚೀಟಿ ಸಿಕ್ಕಿತು. ಮುತ್ತಜ್ಜಿಯ ದುಂಡಕ್ಷರ. ಜಪ್ತಿಯವರು ಬರುವ ಮೊದಲು ರಾತ್ರಿ ಹಳ್ಳ ದಾಟಿಸಿದ ಸಾಮಾನಿನ ಪಟ್ಟಿ. ಮೈಸೂರು ಸೀಮೆಯಲ್ಲಿ ಮುಂಬಯಿಯ ಜಪ್ತಿ ನಡೆಯುವುದಿಲ್ಲವಲ್ಲ. ತಾಮ್ರದ ಹಂಡೆ 2. ಹಿತ್ತಾಳೆ ಕೊಳಗ 3. ತಪ್ಪಲೆ 5. ಕರೆಯುವ ಎಮ್ಮೆ 1. ಕಂಚಿನ ದೀಪ 1. ಮೇಲೆ ಆಚೆಯ ಮನೆಯ ಹೆಸರು. ವಾಪಸ್ ಬಂದಿದ್ದಕ್ಕೆಲ್ಲ ಪಕ್ಕದಲ್ಲಿ ಒಂದು ಸಣ್ಣ ಗೀಟು. ದೀಪದ ಪಕ್ಕ ಗೀಟಿಲ್ಲ.

ಆ ಮನೆ ಈಗಲೂ ಇದೆ. ಹೋದ ಭಾನುವಾರ ಆಯಿಯನ್ನು ಕರೆದುಕೊಂಡು ಚೀಟಿಯ ಪ್ರತಿ ಹಿಡಿದು ಹೋದೆವು. 1937ರಲ್ಲಿ ಮುಂಬಯಿಗೆ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಪ್ತಾದ ಜಮೀನುಗಳು ತಿರುಗಿ ಸಿಕ್ಕವು. ಅಲ್ಲಿಯವರೆಗೂ ನಮ್ಮ ಹಂಡೆ ಅವರ ಬಚ್ಚಲಲ್ಲಿತ್ತು ಎಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆ ಮನೆಯ ಅಮ್ಮ ಚೀಟಿ ಓದಿ, ಎದ್ದು ದೇವರ ಕೋಣೆ, ನಾಗಂದಿಗೆ, ಹಳೇ ಪೆಟ್ಟಿಗೆ ಎಲ್ಲ ಹುಡುಕಿದರು. ದೀಪ ಸಿಗಲಿಲ್ಲ. ಅವರಿಗೆ ಬೇಜಾರಾಯಿತು. ಆಯಿ ಅವರ ಕೈ ಹಿಡಿದು, ದೀಪಕ್ಕೆ ಬಂದಿದ್ದಲ್ಲ, ಎಮ್ಮೆ ಸಾಕಿದ್ದಕ್ಕೆ ಉಪಕಾರ ಹೇಳಲಿಕ್ಕೆ ಬಂದಿದ್ದು ಎಂದಳು. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಆ ಪಟ್ಟಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು.