ಬಿ.ಪಿ. ಇರುವವರ ಕಣ್ಣನ್ನೂ ನೋಡಲಿ

ರಕ್ತದೊತ್ತಡ 140/90 ದಾಟಿದವರಿಗೆ ಮಾತ್ರೆ ಬರೆದುಕೊಡುವ ವೈದ್ಯರು, ಅವರ ಕಣ್ಣಿನ ರಕ್ತನಾಳಗಳ ಸ್ಥಿತಿಯನ್ನು ವಿಚಾರಿಸುವುದು ವಿರಳ. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ, ಪ್ರೋಬನ್ನು ಒತ್ತದೆ ಹಗುರವಾಗಿ ಇರಿಸಿ ಮಾಡುವ ಕಲರ್ ಡಾಪ್ಲರ್ ಸ್ಕ್ಯಾನಿಂಗ್ ಎಂಬ ಅಲ್ಟ್ರಾಸೌಂಡ್ ಪರೀಕ್ಷೆ, ಅಕ್ಷಿಪಟಲದ (ರೆಟಿನಾ) ಕೇಂದ್ರ ಅಪಧಮನಿಯಲ್ಲಿ ರಕ್ತ ಹರಿಯುವ ವೇಗವನ್ನು ಅಳೆಯುತ್ತದೆ. ಹೃದಯ ಸಂಕುಚಿಸಿದಾಗಿನ ಗರಿಷ್ಠ ವೇಗದಿಂದ ವಿಕಸನದ ಕೊನೆಯ ವೇಗವನ್ನು ಕಳೆದು, ಬಂದದ್ದನ್ನು ಗರಿಷ್ಠ ವೇಗದಿಂದಲೇ ಭಾಗಿಸಿದರೆ ಪ್ರತಿರೋಧ ಸೂಚ್ಯಂಕ ದೊರೆಯುತ್ತದೆ. ಅದು ಏರಿದ್ದರೆ ಮುಂದಿನ ಸೂಕ್ಷ್ಮನಾಳಗಳು ಬಿಗಿದಿರುವ ಶಂಕೆ ಹೆಚ್ಚು. ವಿಕಿರಣವಿಲ್ಲ, ಪಾಪೆ ಹಿಗ್ಗಿಸುವ ಹನಿಯೂ ಬೇಡ. ಇದು ಕಣ್ಣಿನ ಒಳ ಹಿಂಭಾಗವನ್ನು ನೇರವಾಗಿ ನೋಡುವ ಫಂಡಸ್ ತಪಾಸಣೆಗೆ ಬದಲಿಯಲ್ಲ (ಅದನ್ನಾದರೂ ಎಷ್ಟು ಮಂದಿ ಮಾಡಿಸಿಕೊಳ್ಳುತ್ತಾರೆ?). ಆದರೆ ಪೊರೆ ಬಲಿತು ಅಕ್ಷಿಪಟಲವೇ ಕಾಣದ ವೃದ್ಧರಲ್ಲಿ ಉಪಯುಕ್ತ. ಕೋಲಾರ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಈ ಪರೀಕ್ಷೆಗೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ.

– ನಿವೃತ್ತ ಶಿಕ್ಷಕ, ಮುಳಬಾಗಿಲು